ಫೀಡಿಂಗ್ ಬ್ರಾ: ಒಂದು ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ

ಮಗಳಿಗೆ ಈಗ ಒಂದೂವರೆ ವರ್ಷ. ಹಗಲು ಊಟ ಮಾಡುತ್ತಾಳೆ, ರಾತ್ರಿ ಮಾತ್ರ ಇನ್ನೂ ಎದೆಹಾಲೇ ಬೇಕು. ನಾನು ಬಾಣಂತನದಿಂದ ಇಲ್ಲಿಯವರೆಗೆ ಹಾಕಿಕೊಂಡಿದ್ದು ಹೆಗಲ ಪಟ್ಟಿಗೆ ಕ್ಲಿಪ್ ಇರುವ, ವೈರ್ ಇಲ್ಲದ, ಪೂರ್ತಿ ಕಪ್‌ನ ಕಾಟನ್ ಬ್ರಾ. ಧಾರಾಳವಾಗಿ ತಗೊಳ್ಳಿ ಅಂತ ಹೇಳುತ್ತೇನೆ. ಆದರೆ ಅಳತೆ ಸರಿ ಇರಬೇಕು.

ಹೆರಿಗೆಯಾದ ಮೂರು-ನಾಲ್ಕು ದಿನಕ್ಕೆ ಹಾಲಿಳಿದು ಎದೆ ಕಲ್ಲಿನ ಹಾಗೆ ಬಿಗಿಯುತ್ತದೆ. ಆಗಿನ ಅಳತೆ ನಿಲ್ಲುವುದಿಲ್ಲ. ಒಂದೂವರೆ ತಿಂಗಳ ಹೊತ್ತಿಗೆ ಮಗು ಕುಡಿಯುವಷ್ಟೇ ಹಾಲು ಬರುವುದು ರೂಢಿಯಾಗಿ ಎದೆ ಮೆತ್ತಗಾಗುತ್ತದೆ. ಅಲ್ಲಿಯವರೆಗೆ ಎರಡು-ಮೂರು ಇದ್ದರೆ ಸಾಕು, ಉಳಿದದ್ದು ಆಮೇಲೆ ತಗೊಳ್ಳಿ. ನನಗೆ ಬಸುರಿಗೆ ಮೊದಲು 34ಬಿ ಆಗುತ್ತಿತ್ತು (ಅಂಕಿ ಎದೆಯ ಕೆಳಗಿನ ಪಟ್ಟಿಯ ಸೈಜ್, ಅಕ್ಷರ ಕಪ್‌ನದ್ದು), ಆಮೇಲೆ 36ಡಿ ಬೇಕಾಯಿತು.

ಹಾಕಿ ನೋಡುವುದು ಎದೆ ತುಂಬಿರುವಾಗಲೇ, ಒಳಗೆ ಸೋರುವ ಹಾಲು ಹೀರುವ ಪ್ಯಾಡ್ ಇಟ್ಟುಕೊಂಡೇ. ಮಗು ಕುಡಿದ ಕೂಡಲೇ ನೋಡಿದರೆ ಸರಿಯಾಗಿ ಕೂತ ಹಾಗೆ ಕಾಣುತ್ತದೆ, ಎರಡು ಗಂಟೆ ಬಿಟ್ಟರೆ ಅದೇ ಬ್ರಾ ಒತ್ತುತ್ತದೆ. ಎದೆಯ ಕೆಳಗಿನ ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು. ಕನ್ನಡಿಯಲ್ಲಿ ಬೆನ್ನು ನೋಡಿಕೊಳ್ಳಿ, ಪಟ್ಟಿ ಮೇಲಕ್ಕೆ ಏರಿದ್ದರೆ ಅದು ಸಡಿಲ, ಭಾರವೆಲ್ಲ ಹೆಗಲಿಗೆ ಬೀಳುತ್ತದೆ. ಕಂಕುಳ ಪಕ್ಕದ ಅಂಚು ಚರ್ಮದ ಮೇಲೆ ಗೆರೆ ಮೂಡಿಸಿದರೆ ಒಂದು ಸೈಜ್ ದೊಡ್ಡದು ತಗೊಳ್ಳಿ. ಅಲ್ಲಿ ಒತ್ತಿದರೆ ಹಾಲು ಕಟ್ಟಿಕೊಂಡು ಗಡ್ಡೆಯಾಗಬಹುದು. ಕೆಂಪಾಗಿ ಜ್ವರ ಬಂದರೆ ಮನೆಮದ್ದು ಅಂತ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಕ್ಲಿಪ್ ಒಂದೇ ಕೈಯಲ್ಲಿ ಬಿಚ್ಚಲು ಬರಬೇಕು. ಅಂಗಡಿಯಲ್ಲೇ ಕಣ್ಣು ಮುಚ್ಚಿ ಮಾಡಿ ನೋಡಿ. ರಾತ್ರಿ ಕತ್ತಲೆಯಲ್ಲಿ ಮಗು ಅಳುವಾಗ ಇನ್ನೊಂದು ಕೈ ಖಾಲಿ ಇರುವುದಿಲ್ಲ ಅಲ್ವಾ? ನನ್ನದರಲ್ಲಿ ಹೆಬ್ಬೆರಳಿನಿಂದ ಮೇಲಕ್ಕೆ ನೂಕಿದರೆ ಕಪ್ ಕೆಳಗೆ ಬೀಳುತ್ತದೆ, ಒಳಗಿನ ಬಟ್ಟೆಯ ಸುತ್ತು ಎದೆಯನ್ನು ಕೆಳಗಿನಿಂದ ಹಿಡಿದಿರುತ್ತದೆ. ಸುಮ್ನೆ ಒಂದು ಎಲಾಸ್ಟಿಕ್ ದಾರ ಮಾತ್ರ ಇರುವ ಮಾಡೆಲ್ ಕೂಡ ತಂದಿದ್ದೆ. ಅದು ಕುಡಿಸುವಾಗ ಪಕ್ಕಕ್ಕೆ ಕೊರೆಯುತ್ತಿತ್ತು, ಅದನ್ನು ತಗೊಳ್ಳಿ ಅಂತ ಯಾರಿಗೂ ಹೇಳುವುದಿಲ್ಲ.

"ಬಾಣಂತಿಗೆ ಇದೆಲ್ಲ ಯಾಕೆ ಮಾರಾಯ್ತಿ, ಸಡಿಲ ರವಿಕೆ ಸಾಕು" ಅನ್ನುತ್ತಿದ್ದ ಅಮ್ಮನೇ ಆಮೇಲೆ ಹಳೇ ಕಾಟನ್ ಸೀರೆ ಹರಿದು, ನಾಲ್ಕು ಪದರ ಮಡಿಸಿ, ದುಂಡಗೆ ಪ್ಯಾಡ್ ಹೊಲಿದು ಕೊಟ್ಟರು. ಒಗೆದಷ್ಟೂ ಮೆತ್ತಗಾಗುವ ಆ ಪ್ಯಾಡ್ ನನಗೆ ಅಂಗಡಿಯದ್ದಕ್ಕಿಂತ ಹಿಡಿಸಿತು. ಒದ್ದೆಯಾದ ತಕ್ಷಣ ಬದಲಿಸಬೇಕು, ಅಷ್ಟೇ.

ಕುಂದು ಅಂದರೆ ಎಲಾಸ್ಟಿಕ್. ಬಾಣಂತಿಯ ಎಣ್ಣೆ ಮೈಗೆ ದಿನಾ ತಾಗಿ ಬೇಗ ಸೋಲುತ್ತದೆ. ಎಣ್ಣೆಸ್ನಾನದ ದಿನಕ್ಕೆ ಹಳೆಯದೊಂದನ್ನು ಬೇರೆ ಇಟ್ಟುಕೊಳ್ಳಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ದಪ್ಪ ಪ್ಯಾಡೆಡ್ ಕಪ್ ಒಣಗುವುದೇ ಇಲ್ಲ, ತೆಳು ಬಟ್ಟೆಯದ್ದೇ ತಗೊಳ್ಳಿ.

ಹಿಂದೆ ನಾಲ್ಕು ಸಾಲು ಹುಕ್ ಇರುವುದನ್ನೇ ಆರಿಸಿ. ಬಸುರಿನಲ್ಲಿ ಅಗಲವಾದ ಪಕ್ಕೆ ಹೆರಿಗೆ ಆದ ಮೇಲೆ ನಿಧಾನಕ್ಕೆ ಇಳಿಯುತ್ತದೆ, ಒಂದೊಂದೇ ಸಾಲು ಒಳಗೆ ಹೋಗಬಹುದು. ನನ್ನದು ಈಗ ಕೊನೆಯ ಸಾಲಿನಲ್ಲೂ ಸಡಿಲ. ಹಾಗಾಗಿ ಅದೇ ಮಾಡೆಲ್‌ನಲ್ಲಿ 34ರದ್ದು ಎರಡು ತರಿಸುತ್ತಿದ್ದೇನೆ.