ಹಾಯಿದೋಣಿಗೆ ಲಿಥಿಯಂ ಬ್ಯಾಟರಿ: ನಾಲ್ಕು ವರ್ಷ ಬಳಸಿದ ಮೇಲೆ

ಬ್ಯಾಟರಿ ಚೆನ್ನಾಗಿದೆ. ಅದನ್ನು ಜೋಡಿಸಿದ ರೀತಿಯಲ್ಲಿ ನಾನು ಎಡವಟ್ಟು ಮಾಡಿಕೊಂಡಿದ್ದೆ.

ನನ್ನದು 32 ಅಡಿಯ ದೋಣಿ, 12 ವೋಲ್ಟ್ ವೈರಿಂಗ್. ಫ್ರಿಜ್, ಆಟೋಪೈಲಟ್, ಜಿಪಿಎಸ್, ರೇಡಿಯೊ, ರಾತ್ರಿ ದೀಪ ಎಲ್ಲಾ ಸೇರಿ ದಿನಕ್ಕೆ ಸುಮಾರು 80 ಆಂಪಿಯರ್ ಅವರ್ (ಬ್ಯಾಟರಿ ಚಾರ್ಜಿನ ಅಳತೆ) ತಿನ್ನುತ್ತವೆ. ಹಾಯಿ ಬಿಚ್ಚಿದರೆ ಎಂಜಿನ್ ಬಂದ್, ಜೊತೆಗೆ ಅದರಿಂದ ಬರುವ ಚಾರ್ಜಿಂಗೂ ಬಂದ್.

ಮೊದಲು ಇದ್ದದ್ದು 100 ಆಂಪಿಯರ್ ಅವರ್‌ನ ಎರಡು ಎಜಿಎಂ, ಅಂದರೆ ಆಸಿಡ್ ಚೆಲ್ಲದಂತೆ ಮುಚ್ಚಿದ ಸೀಸದ ಬ್ಯಾಟರಿ. ಲೆಕ್ಕಕ್ಕೆ 200, ಕೈಗೆ ಸಿಗುವುದು 100, ಯಾಕೆಂದರೆ ಸೀಸದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ತುಂಬಿಸುವುದು. 80 ಪರ್ಸೆಂಟ್ ತನಕ ಸರಸರ ಏರುತ್ತದೆ, ಉಳಿದ 20ಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಸುಮ್ನೆ ಡೀಸೆಲ್ ಸುಡುವವರು ಯಾರು? ನಾನಂತೂ ಸುಡಲಿಲ್ಲ. ಪೂರ್ತಿ ತುಂಬದೆ ಬಿಟ್ಟಾಗೆಲ್ಲ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಹೋಯಿತು, ಮೂರನೇ ವರ್ಷಕ್ಕೆ ಒಂದು ಕೈಕೊಟ್ಟಿತು. ದುಡ್ಡು ಉಳಿಸೋಣ ಅಂತ ಅದೊಂದನ್ನೇ ಬದಲಾಯಿಸಿದೆ. ಹಳೆಯದು ಹೊಸದನ್ನೂ ತನ್ನ ಜೊತೆ ಎಳೆದುಕೊಂಡಿತು, ಒಂದೂವರೆ ವರ್ಷದಲ್ಲಿ ಎರಡೂ ಮುದುಕರು.

ಆಮೇಲೆ ತಂದಿದ್ದು 200 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್. ಎಜಿಎಂ ಎರಡೂ ಸೇರಿ 60 ಕಿಲೋ ಹತ್ತಿರ ಇದ್ದವು, ಇದು 24. ಒಬ್ಬನೇ ಎತ್ತಿಕೊಂಡು ಕ್ಯಾಬಿನ್‌ಗೆ ಇಳಿದೆ. ಹಳೆಯದು ತೆಗೆದು ಇದನ್ನಿಟ್ಟರೆ ಸಾಕು ಅಂದಿದ್ದರು ಮಾರಿದವರು. ಸಾಕಾಗಲಿಲ್ಲ.

ಎಂಜಿನ್ ಸ್ಟಾರ್ಟ್ ಮಾಡುವ ಸೀಸದ ಬ್ಯಾಟರಿ ಹಾಗೇ ಇತ್ತು. ಒಂದನೇ ಬ್ಯಾಟರಿ, ಎರಡನೇ ಬ್ಯಾಟರಿ, ಎರಡೂ ಅಂತ ತಿರುಗಿಸುವ ಹಳೇ ಸ್ವಿಚ್ಚೂ ಇತ್ತು. ಅದನ್ನು 'ಎರಡೂ'ಗೆ ಇಟ್ಟು ಹೊರಟೆ. ಒಂದು ಗಂಟೆ ಎಂಜಿನ್ ಓಡಿಸಿದ ಮೇಲೆ ಸುಟ್ಟ ವಾರ್ನಿಷ್ ವಾಸನೆ. ಮುಚ್ಚಳ ತೆಗೆದರೆ ಮುಖಕ್ಕೆ ಬಿಸಿ ಹೊಡೆಯಿತು, ಥರ್ಮಾಮೀಟರ್ ಹಿಡಿದರೆ ಎಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರ್ 118 ಡಿಗ್ರಿ. ಸೀಸದ್ದು ತುಂಬುತ್ತಾ ಬಂದ ಹಾಗೆ ಕರೆಂಟ್ ಕಡಿಮೆ ಎಳೆಯುತ್ತದೆ. ಲಿಥಿಯಂಗೆ ಆ ಸಂಕೋಚ ಇಲ್ಲ, ತುಂಬುವ ತನಕ ಕೊಟ್ಟಷ್ಟೂ ಕುಡಿಯುತ್ತದೆ.

ಎರಡನ್ನೂ ಪ್ಯಾರಲಲ್ ಇಟ್ಟರೆ ಉಪಯೋಗವೂ ಕಡಿಮೆ. ಲಿಥಿಯಂ 13.2 ವೋಲ್ಟ್‌ನಲ್ಲಿ ಕೂತಿರುತ್ತದೆ, ತುಂಬಿದ ಸೀಸದ್ದು 12.7. ಲಿಥಿಯಂ ಬಹುಪಾಲು ಖಾಲಿಯಾಗುವ ತನಕ ಸೀಸದ್ದು ಉಂಡು ಕೂತ ನೆಂಟನ ಹಾಗೆ, ಅದಕ್ಕೇ ನಾವು ಅಷ್ಟಷ್ಟು ಬಡಿಸುತ್ತಿರಬೇಕು.

ಸರಿ ಅಂತ ಸ್ವಿಚ್ಚನ್ನು ಲಿಥಿಯಂ ಕಡೆಗೆ ಮಾತ್ರ ತಿರುಗಿಸಿದೆ. ಅದು ಇನ್ನೂ ದುಬಾರಿ ತಪ್ಪು. ಒಂದು ರಾತ್ರಿ ಚಾರ್ಜ್ ಜಾಸ್ತಿಯಾಗಿ ಒಳಗಿನ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್, ಪಟ್ ಅಂತ ಸಂಪರ್ಕ ಕಡಿದುಕೊಂಡಿತು. ಆಲ್ಟರ್ನೇಟರ್ ಕರೆಂಟ್‌ಗೆ ಹೋಗಲು ಜಾಗವೇ ಇಲ್ಲ, ವೋಲ್ಟೇಜ್ ಚಿಮ್ಮಿ ಅದರೊಳಗಿನ ಡಯೋಡ್ ಸುಟ್ಟುಹೋದವು. ದೀಪವೂ ಇಲ್ಲ, ಜಿಪಿಎಸ್ಸೂ ಇಲ್ಲ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ವೈರ್ ಬದಲಾಯಿಸಿದೆ.

ಈಗ ಎರಡೂ ಬೇರೆ ಬೇರೆ. ಆಲ್ಟರ್ನೇಟರ್ ನೇರ ಸೀಸದ ಬ್ಯಾಟರಿಗೆ, ಅಲ್ಲಿಂದ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ (ಕರೆಂಟನ್ನು ಅಷ್ಟಕ್ಕೇ ಮಿತಿಗೊಳಿಸಿ ಕೊಡುವ ಪೆಟ್ಟಿಗೆ) ಮೂಲಕ ಲಿಥಿಯಂಗೆ. ಬಿಎಂಎಸ್ ಕಡಿದುಕೊಂಡರೂ ಆಲ್ಟರ್ನೇಟರ್‌ಗೆ ಸೀಸದ್ದು ಆಸರೆ. ಸೋಲಾರ್ ಕಂಟ್ರೋಲರ್‌ನಲ್ಲಿ 14.2 ವೋಲ್ಟ್ ಇಟ್ಟು ಈಕ್ವಲೈಸೇಶನ್ (ಸೀಸದ ಬ್ಯಾಟರಿಗೆ ಆಗಾಗ ಬೇಕಂತಲೇ ಹೆಚ್ಚು ವೋಲ್ಟೇಜ್ ಕೊಡುವುದು) ಆಫ್ ಮಾಡಿದ್ದೇನೆ, ಸೀಸದ ಸೆಟ್ಟಿಂಗ್‌ನಲ್ಲಿ ಬಿಟ್ಟರೆ ಅದು 15 ದಾಟಿಸಿಬಿಡಬಹುದು. ಲಿಥಿಯಂನ ಪಾಸಿಟಿವ್ ಪಕ್ಕದಲ್ಲೇ ಕ್ಲಾಸ್ ಟಿ ಫ್ಯೂಸ್. ಶಾರ್ಟ್ ಆದರೆ ಇದು ಬಿಡುವ ಕರೆಂಟ್‌ಗೆ ಸಣ್ಣಪುಟ್ಟ ಫ್ಯೂಸ್ ತಡೆಯುವುದಿಲ್ಲ.

ಒಂದು ಕಿರಿಕಿರಿ ಇನ್ನೂ ಇದೆ. ವೋಲ್ಟ್‌ಮೀಟರ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲಾಗುವುದಿಲ್ಲ, ಮುಕ್ಕಾಲಿದ್ದರೂ ಅರ್ಧ ಇದ್ದರೂ ಹೆಚ್ಚುಕಮ್ಮಿ ಅದೇ ಸಂಖ್ಯೆ. ಶಂಟ್ ಇರುವ, ಒಳಗೆ ಹೊರಗೆ ಹರಿದ ಕರೆಂಟಿನ ಲೆಕ್ಕ ಇಡುವ ಮಾನಿಟರ್ ಬೇಕೇ ಬೇಕು. ಸೊನ್ನೆ ಡಿಗ್ರಿ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡುವ ಹಾಗೂ ಇಲ್ಲ.

ಜೆಟ್ಟಿಯಲ್ಲಿ ಕರೆಂಟ್ ಸಿಗುತ್ತದೆ, ವಾರಕ್ಕೊಂದು ದಿನ ಮಾತ್ರ ಹೊರಡುತ್ತೀರಿ ಅಂದರೆ ಎಜಿಎಂ ಸಾಕು ಬಿಡಿ, ಎರಡನ್ನೂ ಒಟ್ಟಿಗೇ ಬದಲಾಯಿಸಿ ಅಷ್ಟೇ. ನನ್ನ ಲಿಥಿಯಂ ಅನ್ನು ಹೋದ ತಿಂಗಳು ಪೂರ್ತಿ ತುಂಬಿಸಿ, ಬಿಎಂಎಸ್ ಕಡಿಯುವ ತನಕ ಖಾಲಿ ಮಾಡಿ ನೋಡಿದೆ. 191 ಆಂಪಿಯರ್ ಅವರ್ ಬಂತು.