ಗ್ರೈಂಡರಿಗೆ ನಾಲ್ಕು ಸ್ಟಾರ್, ಜೊತೆಗೆ ಬಂದ ಬರ್‌ಗಳಿಗೆ ಒಂದು: ನಾಲ್ಕು ವರ್ಷದ ಬಳಕೆಯ ನಂತರ

ಎಲೆಕ್ಟ್ರಿಕ್ ಡೈ ಗ್ರೈಂಡರ್ (ಕೈಯಲ್ಲಿ ಹಿಡಿದು ಲೋಹ ಕೆರೆಯುವ ಯಂತ್ರ), ಅದರ ಜೊತೆ ತುದಿಗೆ ಸಿಕ್ಕಿಸುವ, ಹಲ್ಲಿರುವ ಹತ್ತು ಕಾರ್ಬೈಡ್ ಬರ್‌ಗಳ ಪೆಟ್ಟಿಗೆ. ವಾಟ್ಸ್, ತೂಕ, ವಾರಂಟಿ ಎಲ್ಲ ಡಬ್ಬದ ಮೇಲೇ ಇದೆ. ಕಂಪನಿ ಹೆಸರು ಹೇಳುತ್ತಿಲ್ಲ, ಈ ದರದ ಎಲ್ಲ ಸೆಟ್‌ಗಳ ಹಣೆಬರಹವೂ ಒಂದೇ. ಇದರಿಂದ ನಡೆದದ್ದು ಒಂದೇ ಬಗೆಯ ಕೆಲಸ: ರ‍್ಯಾಲಿ ಗಾಡಿಗಳಿಗಾಗಿ ಜಿಪ್ಸಿ, ಎಸ್ಟೀಮ್‌ಗಳ 1.3 ಲೀಟರ್ ಅಲ್ಯೂಮಿನಿಯಂ ಹೆಡ್ ಪೋರ್ಟಿಂಗ್, ಅಂದರೆ ಎಂಜಿನ್ನಿನ ತಲೆಭಾಗದಲ್ಲಿ ಗಾಳಿ, ಹೊಗೆ ಹೋಗುವ ದಾರಿಗಳನ್ನು (ಪೋರ್ಟ್) ಕೆರೆದು ಸರಿಪಡಿಸುವುದು. (ನಿಮ್ಮ ಕ್ಲಾಸಿನ ನಿಯಮದಲ್ಲಿ ಪೋರ್ಟ್ ಮುಟ್ಟಬಹುದೇ ಅಂತ ಮೊದಲು ನೋಡಿಕೊಳ್ಳಿ.)

ದೊಡ್ಡ ಕಂಪ್ರೆಸರ್ ಇಲ್ಲದ ಗ್ಯಾರೇಜಿಗೆ ಯಂತ್ರ ಒಳ್ಳೆಯದು. ಗಾಳಿಯ ಗ್ರೈಂಡರಿಗೆ ಚಿಕ್ಕ ಟ್ಯಾಂಕ್ ಬೇಗ ಸೋತುಬಿಡುತ್ತದೆ. ಇದು ಮಧ್ಯಾಹ್ನವಿಡೀ ಓಡುತ್ತದೆ. ನಾಲ್ಕು ವರ್ಷದಲ್ಲಿ ಬದಲಾಗಿದ್ದು ಎರಡು ಜೊತೆ ಕಾರ್ಬನ್ ಬ್ರಷ್ ಮಾತ್ರ.

ಗೋಳು ಶುರುವಾಗುವುದು ಬರ್ ಪೆಟ್ಟಿಗೆಯಿಂದ. ಎಲ್ಲವೂ ಡಬಲ್ ಕಟ್, ಅಂದರೆ ಎರಡು ಓರೆಯಲ್ಲಿ ಅಡ್ಡಹಾಯ್ದ ಸಣ್ಣ ಹಲ್ಲಿನವು. ಅಲ್ಯೂಮಿನಿಯಂ ಮೇಲೆ ಇಟ್ಟರೆ ಸಣ್ಣ ಹಲ್ಲುಗಳ ಸಂದಿಗೆ ಲೋಹ ಮೆತ್ತಿಕೊಂಡು ಬರ್ ನುಣ್ಣನೆ ಗೋಲಿಯಾಗುತ್ತದೆ. ಆಮೇಲೆ ಅದು ಕೊರೆಯುವುದಿಲ್ಲ, ಉಜ್ಜುತ್ತದೆ. ಕೈ ತಾನಾಗಿಯೇ ಒತ್ತುತ್ತದೆ, ಬರ್ ಎಗರುತ್ತದೆ, ಎಗರಿದ್ದು ನೇರ ವಾಲ್ವ್ ಸೀಟಿಗೆ, ಅಂದರೆ ವಾಲ್ವ್ ಬಿಗಿಯಾಗಿ ಕೂರುವ ಉಂಗುರಕ್ಕೆ, ಗೀರು ಹಾಕುತ್ತದೆ. ಸಣ್ಣ ಗೀರಾದರೆ ಸೀಟ್ ಮರುಕಟ್ ಮಾಡಿದರಾಯಿತು, ಆಳವಾಗಿದ್ದರೆ ಹೊಸ ಸೀಟೇ ಗತಿ. ಹಳೆಯ ವಾಲ್ವೊಂದರ ತಲೆಯನ್ನು ಸ್ವಲ್ಪ ಚಿಕ್ಕದಾಗಿ ಲೇತ್‌ನಲ್ಲಿ ತಿರುಗಿಸಿ ಸೀಟಿನ ರಕ್ಷಣೆಗೆ ಅಲ್ಲಿ ಕೂರಿಸಿಡಿ, ದಪ್ಪ ಟೇಪ್ ಸಾಲದು, ಬರ್ ಅದನ್ನು ಹರಿದುಬಿಡುತ್ತದೆ.

ದೊಡ್ಡ ಹಲ್ಲಿನ ಅಲ್ಯೂಮಿನಿಯಂ ಕಟ್ ಬರ್ ಒಂದನ್ನು, 12 ಮಿ.ಮೀ. ಮೊಟ್ಟೆಯಾಕಾರದ್ದು, ಬೇರೆಯಾಗಿ ಕೊಂಡ ದಿನವೇ ಈ ಗ್ರೈಂಡರ್ ಇಷ್ಟವಾಗಿದ್ದು. ಲೋಹ ತೆಂಗಿನತುರಿಯ ಹಾಗೆ ಉದುರುತ್ತದೆ. ಕೊಳ್ಳುವಾಗ ಶ್ಯಾಂಕ್ (ಬರ್ ಹಿಂದಿನ ಕಡ್ಡಿ) ನೋಡಿ: ಅದನ್ನು ಹಿಡಿಯುವ ಕೊಲೆಟ್ 6 ಮಿ.ಮೀ., ಕಾಲಿಂಚಿನ ಬರ್ 6.35, ಅದು ಇದರೊಳಗೆ ಹೋಗುವುದಿಲ್ಲ. ಶುರು ಮಾಡುವ ಮುನ್ನ ತಿರುಗುವ ಬರ್‌ಗೆ ಮೇಣದಬತ್ತಿ ತಾಕಿಸಿ. ಐದೈದು ನಿಮಿಷಕ್ಕೆ ನಿಲ್ಲಿಸಿ ಸೀಮೆಎಣ್ಣೆಯಲ್ಲಿ ಅದ್ದಿ, ಹಿತ್ತಾಳೆ ಬ್ರಷ್‌ನಿಂದ ಹಲ್ಲಿನ ಓರೆಗೇ ತಿಕ್ಕಿ. ಮೆತ್ತಿಕೊಂಡ ಹಳೆಯ ಬರ್‌ಗಳನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಬಿಟ್ಟರೆ ಅಲ್ಯೂಮಿನಿಯಂ ಕರಗಿಹೋಗುತ್ತದೆ. ಹೈಡ್ರೋಜನ್ ಏಳುತ್ತದೆ, ಹಾಗಾಗಿ ಬಯಲಲ್ಲಿ, ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡೇ ಮಾಡಬೇಕು.

ಒಂದು ಸ್ಟಾರ್ ಕಡಿದದ್ದು ವೇಗಕ್ಕೆ. ನಿಮಿಷಕ್ಕೆ 25,000 ಸುತ್ತು, ಹೆಚ್ಚು-ಕಡಿಮೆ ಮಾಡುವ ಗುಂಡಿಯೇ ಇಲ್ಲ. 150 ಮಿ.ಮೀ. ಉದ್ದ ಶ್ಯಾಂಕಿನ ಬರ್ ಅನ್ನು ಈ ವೇಗದಲ್ಲಿ ಪೋರ್ಟಿನ ಹೊರಗೆ ತಿರುಗಿಸಿದರೆ ಶ್ಯಾಂಕ್ ಬಾಗಿ ಚಾವಟಿಯಂತೆ ಬೀಸುತ್ತದೆ. ಸ್ಪೀಡ್ ಕಂಟ್ರೋಲರ್ ಹಾಕಿ 10,000ದ ಆಸುಪಾಸಿಗೆ ಇಳಿಸಿ, ಬರ್ ಪೋರ್ಟಿನ ಒಳಗಿದ್ದಾಗಲೇ ಸ್ವಿಚ್ ಒತ್ತಿ.

ಪೂರ್ತಿ ವೇಗದಲ್ಲಿ ಇನ್ನೂ ದೊಡ್ಡ ಅಪಾಯ ಪೋರ್ಟಿನ ನೆಲ ವಾಲ್ವಿನತ್ತ ತಿರುಗುವ ಒಳತಿರುವಿನಲ್ಲಿದೆ. ಗಾಳಿಯ ಹರಿವು ಸುಧಾರಿಸುವುದೂ ಅಲ್ಲೇ, ಹಿಂದೆ ವಾಟರ್ ಜಾಕೆಟ್ (ಎಂಜಿನ್ ತಣಿಸುವ ನೀರಿನ ದಾರಿ) ಇರುವುದೂ ಅಲ್ಲೇ. ಎರಕ ಹೊಯ್ಯುವಾಗ ಕೋರ್ (ಒಳಟೊಳ್ಳು ಮೂಡಿಸುವ ಅಚ್ಚು) ಸ್ವಲ್ಪ ಸರಿದಿದ್ದರೆ ಒಂದು ಪೋರ್ಟಿನ ಗೋಡೆ ದಪ್ಪ, ಪಕ್ಕದ್ದು ತೆಳು. ಮೊದಲ ಸಿಲಿಂಡರಿನಲ್ಲಿ ನಡೆದದ್ದು ಮೂರನೆಯದರಲ್ಲೂ ನಡೆಯುತ್ತದೆ ಅಂದುಕೊಂಡವರಿಗೇ ತೂತು ಬೀಳುವುದು. ಗುಜರಿಯಿಂದ ಅದೇ ಮಾದರಿಯ ಹೆಡ್ ತಂದು ಪೋರ್ಟಿನ ನಡುವಿಗೆ ಉದ್ದಕ್ಕೆ ಕೊಯ್ಸಿ ನೋಡಿ. ಕೆಲಸದ ಹೆಡ್ಡಿಗೆ ಅಲ್ಟ್ರಾಸಾನಿಕ್ ಗೇಜ್ ಹಿಡಿಸಿ, 3 ಮಿ.ಮೀ. ಉಳಿದಾಗ ನಿಲ್ಲಿಸುವುದು ಒಳ್ಳೆಯದು. ಸೀಟಿನ ಕೆಳಗಿನ ಗಂಟಲನ್ನೂ ವಾಲ್ವ್ ವ್ಯಾಸದ 85ರಿಂದ 88 ಶೇಕಡಾ ದಾಟಿಸಬೇಡಿ, ಸೀಟ್ ಕೂರಲು ಆಧಾರವೇ ಉಳಿಯುವುದಿಲ್ಲ.

ಕಣ್ಣಿಗೆ ಕಾಣದ ಸೂಜಿತೂತು ಪತ್ತೆಯಾಗುವುದು ಪ್ರೆಶರ್ ಟೆಸ್ಟ್‌ನಲ್ಲಿ. ಕೂಲಂಟ್ ದಾರಿಗಳನ್ನೆಲ್ಲ ರಬ್ಬರ್, ಪ್ಲೇಟ್ ಹಾಕಿ ಮುಚ್ಚಿ, 2 ಬಾರ್ ಗಾಳಿ ಕೊಟ್ಟು ಬಿಸಿನೀರಿನಲ್ಲಿ ಮುಳುಗಿಸಬೇಕು. ತಣ್ಣೀರಿನಲ್ಲಿ ಪಾಸಾದ ಹೆಡ್ ಬಿಸಿಯಾದಾಗ ಸೋರಬಹುದು.

ತೂತಿಗೆ ಮೆಟಲ್ ಎಪಾಕ್ಸಿ ಮೆತ್ತುವವರಿದ್ದಾರೆ. ಇನ್‌ಟೇಕ್ ಪೋರ್ಟಿನ ನೆಲ ಎತ್ತರಿಸಲು ಅದು ಸರಿ, ಒರಟಾಗಿ ಕೆರೆದು ಅಸಿಟೋನ್ ಹಾಕಿ ತೊಳೆದಿದ್ದರೆ ಹಿಡಿಯುತ್ತದೆ. ನೀರಿನ ತೂತಿಗಾದರೆ ಹಿಂದಿನಿಂದ ಕೂಲಂಟ್ ಒತ್ತಡ ನೂಕುತ್ತಲೇ ಇರುತ್ತದೆ. ಚೂರು ಕಿತ್ತರೆ ಹೋಗುವುದು ಸಿಲಿಂಡರಿಗೆ. ಎಕ್ಸಾಸ್ಟ್‌ನಲ್ಲಂತೂ ಸುಟ್ಟುಹೋಗುತ್ತದೆ.

ನಿಜವಾದ ರಿಪೇರಿ ಆರ್ಗನ್ ವೆಲ್ಡಿಂಗ್. ಹತ್ತಿರದ ಸೀಟ್, ಗೈಡ್ (ವಾಲ್ವ್ ಕಡ್ಡಿ ಜಾರುವ ಕೊಳವೆ) ತೆಗೆದು, ಎಣ್ಣೆ ಕುಡಿದ ಲೋಹವನ್ನು ಹೊಳೆಯುವವರೆಗೆ ವಿ ಆಕಾರದಲ್ಲಿ ಕೆರೆದು, ದಪ್ಪ ಉಕ್ಕಿನ ಪ್ಲೇಟಿಗೆ ಬೋಲ್ಟ್ ಮಾಡಿ, ಸುಮಾರು 150 ಡಿಗ್ರಿಗೆ ಬಿಸಿ ಮಾಡಿ, 4043 ಫಿಲ್ಲರ್ ರಾಡ್‌ನಲ್ಲಿ ತುಂಬಬೇಕು. ಆಮೇಲೆ ಕಂಬಳಿಯಲ್ಲಿ ಸುತ್ತಿ ನಿಧಾನವಾಗಿ ಆರಲು ಬಿಡಬೇಕು. ಹೀಟ್ ಟ್ರೀಟ್ ಆದ ಹೆಡ್ ವೆಲ್ಡಿನ ಸುತ್ತ ಮೆತ್ತಗಾಗುತ್ತದೆ, ಉಳಿದ ಸೀಟ್‌ಗಳ ಬಿಗಿ ಸಡಿಲಬಹುದು. ಫೇಸಿಂಗ್ (ಹೆಡ್ಡಿನ ತಳ ಮಟ್ಟ ಮಾಡುವುದು) ಆದ ಮೇಲೂ ಕ್ಯಾಮ್‌ಶಾಫ್ಟ್ ಕೂರಿಸಿ ಕೈಯಲ್ಲಿ ತಿರುಗಿಸಿ ನೋಡಿ, ಹಿಡಿದರೆ ಹೆಡ್ ಸೊಟ್ಟಗಾಗಿದೆ ಅಂತಲೇ ಅರ್ಥ. ಇಷ್ಟರ ಕೂಲಿ ಸೇರಿಸಿದರೆ ಗುಜರಿ ಹೆಡ್ಡಿನ ಬೆಲೆ ದಾಟುವುದು ಸಾಮಾನ್ಯ.

ಹಾಗಾಗಿ ಬಜೆಟ್ ಬಿಗಿ ಇದ್ದವರು ಸೆಟ್ ಬಿಟ್ಟು ಬರೀ ಗ್ರೈಂಡರ್ ಕೊಂಡು, ಉಳಿದ ದುಡ್ಡಿಗೆ ಸ್ಪೀಡ್ ಕಂಟ್ರೋಲರ್, ಎರಡು ಅಲ್ಯೂಮಿನಿಯಂ ಕಟ್ ಬರ್, 80 ಗ್ರಿಟ್ ಎಮರಿ ರೋಲ್ ತೆಗೆದುಕೊಳ್ಳಿ. ಇನ್‌ಟೇಕ್‌ಗೆ 80 ಗ್ರಿಟ್ಟೇ ಕೊನೆ, ಕನ್ನಡಿ ಹೊಳಪು ಬೇಡ. ಪೆಟ್ಟಿಗೆಯ ಡಬಲ್ ಕಟ್ ಬರ್‌ಗಳು ಈಗ ಎರಕದ ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳಿಗೆ ಮೀಸಲು. ಅಲ್ಲಿ ಮಾತ್ರ, ಸುಳ್ಳು ಹೇಳಬಾರದು, ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತವೆ.