ಪಣಜಿಯ ಅಜುಲೇಜು ನಾಮಫಲಕ: ಕನ್ನಡದಲ್ಲಿ ಬರೆಸುವವರಿಗೆ

ಗೋವಾದಲ್ಲಿ ನೆಲೆಸಿದ ಕನ್ನಡಿಗರ ಮನೆಬಾಗಿಲಿಗೆ ಎಂಥ ನಾಮಫಲಕ ಒಪ್ಪುತ್ತದೆ ಎಂದು ಕೇಳಿದರೆ ನಮ್ಮ ಉತ್ತರ ಒಂದೇ: ಪಣಜಿಯಲ್ಲಿ ಕೈಯಿಂದ ಬರೆದು ಸುಡುವ ಅಜುಲೇಜು ಟೈಲ್ಸ್. ಸ್ಪೇನಿನ ಸೆವಿಲ್ಲಾದಿಂದ ಪೋರ್ಚುಗಲ್‌ಗೆ, ಅಲ್ಲಿಂದ ಇಲ್ಲಿಗೆ ಬಂದ ಕಸುಬು ಇದು. ಪಣಜಿಯ ಹಳೆಯ ಬಡಾವಣೆ ಫೊಂಟೈನ್ಹಾಸ್‌ನ ಓಣಿಗಳ ಹೆಸರುಗಳೂ ಎಷ್ಟೋ ಮನೆತನಗಳ ಹೆಸರುಗಳೂ ಇಂಥ ಟೈಲ್ಸ್ ಮೇಲಿವೆ. ಮನೆತನದ ಹೆಸರಿಗೆ ಇಲ್ಲಿ ಆಯುಷ್ಯ ಹೆಚ್ಚು. ಮಿರಾಮಾರ್ ಕಡಲತೀರಕ್ಕೆ ಹಿಂದೆ ಇದ್ದದ್ದು ಗಾಸ್ಪರ್ ಡಯಾಸ್ ಎಂಬ ಜಮೀನುದಾರನ ಹೆಸರು, ಅದು ಅಲ್ಲಿನ ಕ್ಲಬ್ಬಿನ ಹೆಸರಿನಲ್ಲಿ ಇನ್ನೂ ಉಳಿದಿದೆ.

ಕೊಳ್ಳುವಾಗ ಬಣ್ಣ ಯಾವ ಪದರದಲ್ಲಿದೆ ಎಂದು ಮೊದಲು ಕೇಳಿ. ಹಳೆಯ ಪದ್ಧತಿಯಲ್ಲಿ ಇನ್ನೂ ಸುಡದ ಬಿಳಿ ಗ್ಲೇಜಿನ (ಸುಟ್ಟ ಮೇಲೆ ಗಾಜಿನಂತೆ ಹೊಳೆಯುವ ಲೇಪದ) ಮೇಲೆ ಕೋಬಾಲ್ಟ್ ನೀಲಿಯಿಂದ ಬರೆದು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಬಣ್ಣ ಗ್ಲೇಜಿನೊಳಗೇ ಬೆರೆತುಬಿಡುತ್ತದೆ. ಸಿದ್ಧ ಟೈಲ್ಸ್ ಮೇಲೆ ಬರೆದು 750–850 ಡಿಗ್ರಿಯಲ್ಲಿ ಸುಟ್ಟದ್ದರಲ್ಲಿ ಗೆರೆ ಅಚ್ಚುಕಟ್ಟು, ಆದರೆ ಬಣ್ಣ ಮೇಲ್ಮೈಯಲ್ಲೇ ನಿಲ್ಲುವುದರಿಂದ ಉಜ್ಜಿದಷ್ಟೂ ಸವೆಯುತ್ತದೆ. ಇಂಥದ್ದನ್ನು ಓರೆ ಬೆಳಕಿಗೆ ಹಿಡಿದರೆ ಅಕ್ಷರದ ಹೊಳಪು ಬೇರೆಯಾಗಿ ಕಾಣುತ್ತದೆ. ಸುಡದೆ ಪ್ರಿಂಟ್ ಅಂಟಿಸಿದ್ದು ಹೊರಗೋಡೆಗೆ ಬೇಡವೇ ಬೇಡ.

ಕನ್ನಡ ಅಕ್ಷರಕ್ಕೆ ಜಾಗ ಹೆಚ್ಚು ಬೇಕು. ಅಂಚಿನ ಹೂಬಳ್ಳಿ ಬಿಟ್ಟು 15 ಸೆಂ.ಮೀ. ಚೌಕದಲ್ಲಿ ‘ಕಾಮತ್’ ಹಿಡಿಯುತ್ತದೆ, ‘ದೇಶಪಾಂಡೆ’ಗೆ ಎರಡು ಟೈಲ್ಸ್ ಬೇಕು. ‘ಹೆಬ್ಬಾರ’ದಂಥ ಹೆಸರಿನ ಒತ್ತಕ್ಷರ ಕೆಳಗಿನ ಅಂಚಿಗೆ ತಾಗದಂತೆ ಅಕ್ಷರಸಾಲನ್ನು ತುಸು ಮೇಲೆ ಕೂರಿಸಬೇಕು. ಬರೆಯುವವರಿಗೆ ಲಿಪಿ ಗೊತ್ತಿಲ್ಲದಿದ್ದರೆ ತಲೆಕಟ್ಟು, ದೀರ್ಘ ತಪ್ಪುವುದು ಸಾಮಾನ್ಯ. ಮೊಬೈಲಿನ ಚಿತ್ರ ಸಾಲದು. ಫಲಕದಷ್ಟೇ ದೊಡ್ಡ ಕಾಗದದಲ್ಲಿ ಹೆಸರು ಬರೆದುಕೊಡಿ. ಅದರ ಗೆರೆಗುಂಟ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿ ತಟ್ಟಿ ಅಚ್ಚು ಇಳಿಸಿದರೆ ಅಕ್ಷರ ಕೆಡುವುದಿಲ್ಲ. ಎರಡು ಟೈಲ್ಸ್‌ನ ಸಂದು ಅಕ್ಷರಗಳ ನಡುವೆ ಬರಲಿ.

ಒಳ್ಳೆಯ ಫಲಕವೂ ಕೆಡುವುದು ಗೋಡೆಗೆ ಕೂರಿಸುವಾಗ. ಚಿರೆಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಆ ನೀರಿನೊಂದಿಗೆ ಬರುವ ಉಪ್ಪು ಟೈಲ್ಸ್‌ನ ಹಿಂದೆ ಬಿಳಿಯಾಗಿ ಕಟ್ಟಿಕೊಂಡು ಅಂಟನ್ನು ಬಿಡಿಸುತ್ತದೆ. ಗೋಡೆ ಪೂರ್ತಿ ಒಣಗಿದ ತಿಂಗಳಲ್ಲೇ ಕೂರಿಸಿ. ಸುಣ್ಣಬಣ್ಣ ಕೆರೆದು ಗಾರೆಯವರೆಗೆ ಹೋಗಿ, ಹೊರಗೋಡೆಗೆ ಬಳಸುವ ಟೈಲ್ಸ್ ಅಂಟನ್ನು ಹಲ್ಲಿನ ಕರಣೆಯಿಂದ ಗೋಡೆಗೂ, ತೆಳ್ಳಗೆ ಟೈಲ್ಸ್ ಬೆನ್ನಿಗೂ ಹಚ್ಚಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತುವ ಮೇಸ್ತ್ರಿಗಳನ್ನು ತಡೆಯಿರಿ, ನಡುವಿನ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ. ಸಂದು 2–3 ಮಿ.ಮೀ. ಇರಲಿ, ಅದನ್ನು ತುಂಬುವ ಗ್ರೌಟ್ 24 ಗಂಟೆಯ ನಂತರ. ಆಸಿಡ್ ಹಾಕಿ ತೊಳೆಯಬೇಡಿ.

ಮನೆ ನಂಬರನ್ನು ಮುಂದೆ ಸೇರಿಸುವ ಯೋಚನೆಯಿದ್ದರೆ ಈಗಲೇ ಬರೆಸಿ, ಹೆಸರಿನ ಜೊತೆ ಒಂದೇ ಭಟ್ಟಿಯಲ್ಲಿ ಸುಡಿಸಿ. ಭಟ್ಟಿ ಬದಲಾದರೆ ನೀಲಿಯೂ ಬದಲಾಗಬಹುದು.